ವಕೀಲರ ಜಗಲಿ

ವಕೀಲರೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ನ್ಯಾಯಾಲಯದ ದೃಶ್ಯ. ಎತ್ತರದ ಪೀಠದ ಮೇಲೆ ನ್ಯಾಯಾಧೀಶರು, ಕೆಳಗೆ ಕರಿಯ ನಿಲುವಂಗಿಯ ವಕೀಲರು, ಕಟಕಟೆಯಲ್ಲಿ ಬೆವರುತ್ತ ನಿಂತ ಸಾಕ್ಷಿ, ಅವನನ್ನು ತಬ್ಬಿಬ್ಬುಗೊಳಿಸುವ ಪಾಟೀಸವಾಲು. ನಾಟಕ, ಕಾದಂಬರಿ, ಚಲಚ್ಚಿತ್ರಗಳು ಈ ಚಿತ್ರವನ್ನು ನಮ್ಮ ಮನಸ್ಸಿನಲ್ಲಿ ಗಟ್ಟಿಮಾಡಿವೆ. ಆದರೆ ತಾಲ್ಲೂಕು ಊರಿನ ಸಾಮಾನ್ಯ ವಕೀಲರೊಬ್ಬರ ದಿನಚರಿಯನ್ನು ಹತ್ತಿರದಿಂದ ಕಂಡವರಿಗೆ ಬೇರೊಂದು ಸಂಗತಿ ಗೊತ್ತು. ಅವರ ಕೆಲಸದ ಬಹುಪಾಲು ಕೋರ್ಟಿನ ಗಂಟೆ ಬಾರಿಸುವುದಕ್ಕೆ ಮುಂಚೆಯೇ, ಅವರ ಮನೆಯ ಜಗಲಿಯ ಮೇಲೆ ಮುಗಿದುಹೋಗುತ್ತಿತ್ತು.

ನಾನು ಬೆಳೆದ ಊರಿನಲ್ಲಿ ಅಂಥ ಒಂದು ಜಗಲಿಯಿತ್ತು. ಸಂತೆಯ ದಿನ ಬೆಳಗಿನ ಎಂಟು ಗಂಟೆಗೇ ಅದು ತುಂಬಿಹೋಗುತ್ತಿತ್ತು. ಒಂದು ಮೂಲೆಯಲ್ಲಿ ಇಳಿಜಾರು ಮೇಜಿನ ಮುಂದೆ ಕುಳಿತ ಗುಮಾಸ್ತರು. ಗೋಡೆಯ ಉದ್ದಕ್ಕೂ ಬೆಂಚು. ಒಳಕೋಣೆಯ ಬೀರುವಿನಲ್ಲಿ ತೊಗಲುರಟ್ಟಿನ ಕಾನೂನು ವರದಿಗಳು. ಬಂದ ರೈತ ಎಲೆಯಡಿಕೆ ಚೀಲದಿಂದ ಮಡಿಕೆಗಳಲ್ಲಿ ಸವೆದುಹೋದ ಕಾಗದವೊಂದನ್ನು ತೆಗೆದು ಎರಡೂ ಕೈಗಳಿಂದ ನೀಡುತ್ತಿದ್ದ. ವಕೀಲರು ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರು. ಅನಂತರ ವಾಕ್ಯ ವಾಕ್ಯವನ್ನೂ ಬಿಡಿಸಿ, ಆಡುಗನ್ನಡದಲ್ಲಿ, ಗಟ್ಟಿಯಾಗಿ ಓದುತ್ತಿದ್ದರು. ಓದು ಮುಗಿದ ಮೇಲೆ ಅವರ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಹೆಬ್ಬೆಟ್ಟು ಒತ್ತೋ ಮುಂಚೆ ಇದನ್ನ ಯಾರಾದರೂ ನಿನಗೆ ಓದಿ ಹೇಳಿದ್ದರೇನಪ್ಪ?” ಉತ್ತರವೂ ಬಹುಮಟ್ಟಿಗೆ ಒಂದೇ: “ಇಲ್ಲ ಸ್ವಾಮಿ. ಒತ್ತು ಅಂದರು, ಒತ್ತಿದೆ.”

ಆ ಎರಡನೆಯ ಓದು ನಮ್ಮ ಸಾಮಾಜಿಕ ಚರಿತ್ರೆಯ ಒಂದು ಅಂಗ. ಕಾನೂನು ನಮ್ಮ ಹಳ್ಳಿಗಳಿಗೆ ಬಂದದ್ದು ಕಾಗದದ ರೂಪದಲ್ಲಿ, ಬಹಳ ಸಲ ಅನ್ಯಭಾಷೆಯ ಕಾಗದದ ರೂಪದಲ್ಲಿ. ಆ ಕಾಗದಕ್ಕೂ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದವನಿಗೂ ನಡುವೆ ನಿಂತವನು ಸಣ್ಣ ಊರಿನ ವಕೀಲ. ಅವನ ಚರಿತ್ರೆಯನ್ನು ಸ್ಥೂಲವಾಗಿ ನೋಡುವುದೇ ಈ ಭಾಷಣದ ಉದ್ದೇಶ.

‘ವಕೀಲ’ ಎಂಬ ಮಾತಿನಿಂದಲೇ ಆರಂಭಿಸಬಹುದು. ಅದು ಅರಬ್ಬಿ ಮೂಲದ ಶಬ್ದ. ತನ್ನ ಕಾರ್ಯವನ್ನು ಒಬ್ಬನು ಯಾರಿಗೆ ವಹಿಸಿಕೊಡುತ್ತಾನೋ ಅವನು ವಕೀಲ. ಹೈದರ್, ಟಿಪ್ಪುವಿನ ಕಾಲದ ರಾಜಕೀಯ ಪತ್ರಗಳಲ್ಲಿ ವಕೀಲನೆಂದರೆ ಒಬ್ಬ ದೊರೆಯ ಪರವಾಗಿ ಇನ್ನೊಬ್ಬ ದೊರೆಯ ದರಬಾರಿನಲ್ಲಿ ಮಾತನಾಡುವ ರಾಯಭಾರಿ. ದೊರೆಯ ಪರವಾಗಿ ನಿಲ್ಲುತ್ತಿದ್ದವನ ಹೆಸರು ರೈತನ ಪರವಾಗಿ ನಿಲ್ಲುವವನಿಗೆ ಬಂದದ್ದು ಕಂಪೆನಿಯ ಆಳಿಕೆಯಲ್ಲಿ. ಅವನ ಸುತ್ತಲಿನ ಶಬ್ದಸಂಪತ್ತನ್ನು ನೋಡಿ: ದಾವೆ, ವಕಾಲತ್ತು, ವಾಯಿದೆ, ಜಾಮೀನು, ಜಪ್ತಿ, ರಾಜಿ, ನಕಲು, ತಕರಾರು ಇವೆಲ್ಲ ಪಾರಸಿ, ಅರಬ್ಬಿಗಳ ದಾರಿಯಿಂದ ಬಂದವು. ಡಿಕ್ರಿ, ಅಪೀಲು, ನೋಟೀಸು, ಸ್ಟಾಂಪು ಇಂಗ್ಲಿಷಿನವು. ಸಾಕ್ಷಿ, ಕಕ್ಷಿ, ಪ್ರತಿವಾದಿ ಸಂಸ್ಕೃತದವು. ಹೆಬ್ಬೆಟ್ಟು ಮಾತ್ರ ಅಚ್ಚಗನ್ನಡ! ನಮ್ಮನ್ನು ಆಳಿದವರ ವಂಶಾವಳಿಯೆಲ್ಲ ಒಂದು ದಾವಾ ಅರ್ಜಿಯಲ್ಲಿ ಅಡಗಿದೆ.

ವಕೀಲಿಯು ಒಂದು ಕ್ರಮಬದ್ಧ ವೃತ್ತಿಯಾಗಿ ರೂಪುಗೊಂಡದ್ದು ೧೭೯೩ರಲ್ಲಿ. ಆ ವರ್ಷ ಕಾರ್ನ್‌ವಾಲಿಸನು ಬಂಗಾಳದಲ್ಲಿ ಹೊರಡಿಸಿದ ಏಳನೆಯ ರೆಗ್ಯುಲೇಷನ್ನು ಕಂಪೆನಿಯ ನ್ಯಾಯಾಲಯಗಳಲ್ಲಿ ಸನ್ನದು ಪಡೆದ ವಕೀಲರ ನೇಮಕಕ್ಕೆ ನಿಯಮಗಳನ್ನು ವಿಧಿಸಿ, ಅವರ ಫೀಜನ್ನು ಗೊತ್ತುಪಡಿಸಿತು. ಹಿಂದೂಗಳಿಗೂ ಮುಸಲ್ಮಾನರಿಗೂ ಮಾತ್ರ ಆ ಸನ್ನದು ದೊರೆಯುತ್ತಿತ್ತು. ಮದರಾಸು ಪ್ರಾಂತ್ಯದಲ್ಲಿ ೧೮೦೨ ಮತ್ತು ೧೮೧೬ರ ರೆಗ್ಯುಲೇಷನ್ನುಗಳೂ, ಮುಂಬಯಿ ಪ್ರಾಂತ್ಯದಲ್ಲಿ ಎಲ್ಫಿನ್‌ಸ್ಟನ್ನನ ೧೮೨೭ರ ಸಂಹಿತೆಯೂ ಇದೇ ದಾರಿಯನ್ನು ಹಿಡಿದವು. ಜಾತಿ, ಮತ, ದೇಶಗಳ ನಿರ್ಬಂಧವಿಲ್ಲದೆ ಅರ್ಹರೆಲ್ಲರೂ ವಕೀಲರಾಗಬಹುದು, ಫೀಜನ್ನು ಕಕ್ಷಿದಾರನೂ ವಕೀಲನೂ ತಮ್ಮೊಳಗೆ ಮಾತಾಡಿಕೊಳ್ಳಬಹುದು ಎಂದಾದದ್ದು ೧೮೪೬ರ ಕಾಯದೆಯಿಂದ. ಬಾಗಿಲು ತೆರೆಯಿತು, ಅದರೊಂದಿಗೆ ಚೌಕಾಸಿಯೂ ಬಂತು.

ನ್ಯಾಯವನ್ನು ಊರಿನೊಳಗೇ ಉಳಿಸಿಕೊಳ್ಳುವ ಪ್ರಯತ್ನವೂ ಅದೇ ಕಾಲದಲ್ಲಿ ನಡೆಯಿತೆಂಬುದನ್ನು ಮರೆಯಬಾರದು. ಅದರ ಮುಂದಾಳು ಕನ್ನಡನಾಡನ್ನು ಚೆನ್ನಾಗಿ ಬಲ್ಲ ತಾಮಸ್ ಮನ್ರೋ. ಟಿಪ್ಪುವಿನ ಪತನಾನಂತರ ಕೆನರಾ ಜಿಲ್ಲೆಯ ಕಲೆಕ್ಟರನಾಗಿ, ಅನಂತರ ಬಳ್ಳಾರಿ ಸೇರಿದ ದತ್ತ ಮಂಡಲದ ಆಡಳಿತಗಾರನಾಗಿ ದುಡಿದ ಆತನ ಪ್ರೇರಣೆಯಿಂದ ೧೮೧೬ರಲ್ಲಿ ಹಳ್ಳಿಯ ಮುನ್ಸೀಫರಿಗೂ ಪಂಚಾಯತಿಗಳಿಗೂ ಸಣ್ಣ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರ ದೊರೆಯಿತು. ಆದರೆ ಜನ ಕ್ರಮೇಣ ಕೋರ್ಟಿನ ಕಡೆಗೇ ನಡೆದರು. ಪಂಚಾಯತಿಯ ಮಾತು ಊರಿನ ಎಲ್ಲೆಯೊಳಗೆ ಸಲ್ಲುತ್ತಿತ್ತು; ಕೋರ್ಟಿನ ಡಿಕ್ರಿಗೆ ಜಪ್ತಿಯ ಅಮೀನನ ಬಲವಿತ್ತು. ಅಲ್ಲದೆ, ಊರ ಗೌಡನೇ ಎದುರಾಳಿಯಾದಾಗ ಊರ ಪಂಚಾಯತಿಗೆ ಹೋಗಿ ಪ್ರಯೋಜನವೇನು? ದುರ್ಬಲನಿಗೆ ಊರಿನ ಹೊರಗಿನ ನ್ಯಾಯ ಕೆಲವೊಮ್ಮೆ ಊರೊಳಗಿನ ನ್ಯಾಯಕ್ಕಿಂತ ಮೇಲಾಗಿ ಕಂಡಿತು. ಅವನು ಹತ್ತು ಹರದಾರಿ ನಡೆದು ವಕೀಲರ ಜಗಲಿಗೆ ಬಂದ.

ಕನ್ನಡಿಗರಿಗೆ ಇನ್ನೊಂದು ತೊಡಕಿತ್ತು. ೧೯೫೬ರ ಏಕೀಕರಣದವರೆಗೆ ನಮ್ಮ ಜನ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮಂಗಳೂರು, ಬಳ್ಳಾರಿಗಳು ಮದರಾಸಿಗೆ ಸೇರಿದ್ದವು; ಧಾರವಾಡ, ಬೆಳಗಾವಿ, ವಿಜಾಪುರಗಳೂ ೧೮೬೨ರಿಂದ ಕಾರವಾರವೂ ಮುಂಬಯಿಗೆ; ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮರಿಗೆ; ಕೊಡಗು ಬೇರೆ, ಮೈಸೂರು ಬೇರೆ. ಮೈಸೂರಿನಲ್ಲಿ ಕಮಿಷನರರ ಆಳಿಕೆಯ ಕಾಲದ ಹುಜೂರು ಅದಾಲತ್ತು ಹೋಗಿ, ೧೮೮೪ರಲ್ಲಿ ಚೀಫ್ ಕೋರ್ಟೂ, ೧೯೩೦ರಲ್ಲಿ ಹೈಕೋರ್ಟೂ ಆದವು. ನಿಜಾಮರ ಸೀಮೆಯ ರೈತನ ಮುಂದೆ ಉರ್ದು ಕಾಗದ. ಧಾರವಾಡದ ಕಡೆ ಮರಾಠಿಯ ಪ್ರಭಾವ, ಹಳೆಯ ಲೆಕ್ಕಪತ್ರಗಳಲ್ಲಿ ಮೋಡಿ ಲಿಪಿ. ಮೇಲಿನ ಕೋರ್ಟುಗಳಲ್ಲಿ ಬಹುಮಟ್ಟಿಗೆ ಇಂಗ್ಲಿಷು. ರಾಯಚೂರಿನ ಒಕ್ಕಲಿಗನಿಗೂ ಮಂಗಳೂರಿನ ಗೇಣಿದಾರನಿಗೂ ಸಮಾನವಾಗಿದ್ದ ಕಷ್ಟ ಒಂದೇ: ತನ್ನ ಹೊಲದ ಹಣೆಬರಹವನ್ನು ತಾನೇ ಓದಲಾರದ ಕಷ್ಟ.

೧೮೫೯ರಿಂದ ೧೮೮೨ರವರೆಗಿನ ಕಾಲವನ್ನು ಭಾರತದ ಕಾನೂನು ಚರಿತ್ರೆಯಲ್ಲಿ ಸಂಹಿತೆಗಳ ಕಾಲವೆನ್ನಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆ ಮೊದಲ ಬಾರಿಗೆ ಬಂದದ್ದು ೧೮೫೯ರಲ್ಲಿ. ಸಾಕ್ಷ್ಯದ ಕಾಯದೆಯೂ ಕರಾರಿನ ಕಾಯದೆಯೂ ೧೮೭೨ರಲ್ಲಿ. ಸ್ವತ್ತು ವರ್ಗಾವಣೆಯ ಕಾಯದೆ ೧೮೮೨ರಲ್ಲಿ. ಇವುಗಳ ಜೊತೆಗೆ ಸ್ಟಾಂಪು, ರಿಜಿಸ್ಟ್ರಿ, ಕೋರ್ಟು ಶುಲ್ಕ. ಬುದ್ಧಿವಂತಿಕೆಯಿಂದ ರಚಿತವಾದ ಶಾಸನಗಳಿವು, ಸಂದೇಹವಿಲ್ಲ. ಆದರೆ ಹಳ್ಳಿಯಲ್ಲಿ ಅವುಗಳ ಪರಿಣಾಮ ಏನಾಯಿತು? ಒಂದು ಉದಾಹರಣೆಯನ್ನು ಕೊಡುತ್ತೇನೆ. ೧೮೫೯ರ ಕಾಲಮಿತಿ ಕಾಯದೆ ಸಾಮಾನ್ಯ ಸಾಲದ ದಾವೆಗೆ ಮೂರು ವರ್ಷದ ಗಡುವನ್ನು ಇಟ್ಟಿತು. ಹಳೆಯ ಸಾಲದ ಹೊರೆ ಸಾಲಗಾರನ ತಲೆಯ ಮೇಲೆ ತೂಗಾಡುತ್ತಲೇ ಇರಬಾರದೆಂಬುದು ಒಳ್ಳೆಯ ಉದ್ದೇಶ. ಸಾಹುಕಾರನು ಮಾಡಿದ್ದೇನೆಂದರೆ, ಗಡುವು ತುಂಬುವ ಮುನ್ನ ರೈತನನ್ನು ಕರೆಸಿ, ಬಡ್ಡಿಯನ್ನು ಅಸಲಿಗೆ ಸೇರಿಸಿ, ಹೊಸ ಪತ್ರ ಬರೆಸಿಕೊಂಡದ್ದು. ಮೂರು ಮೂರು ವರ್ಷಕ್ಕೊಮ್ಮೆ ಹೀಗೆ ನಡೆದರೆ, ತಂದೆ ತೆಗೆದ ಇಪ್ಪತ್ತು ರೂಪಾಯಿ ಮಗನ ಕಾಲಕ್ಕೆ ಹೊಲವನ್ನೇ ನುಂಗುವುದು ಆಶ್ಚರ್ಯವಲ್ಲ.

ಕನ್ನಡನಾಡಿನ ಉತ್ತರದ ಗಡಿಯಾಚೆ, ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ, ಈ ಸಂಕಟ ೧೮೭೫ರಲ್ಲಿ ದಂಗೆಯಾಗಿ ಸಿಡಿಯಿತು. ಆ ದಂಗೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರೈತರ ಕೋಪ ಮುಖ್ಯವಾಗಿ ತಿರುಗಿದ್ದು ಸಾಲಪತ್ರಗಳ ಮೇಲೆ. ಸಾಹುಕಾರರ ಮನೆಗಳಿಂದ ಪತ್ರಗಳನ್ನು ಹೊರಗೆಳೆದು ಸುಟ್ಟರು. ಜನರ ಮೇಲೆ ಕೈಮಾಡಿದ್ದು ಅಪರೂಪ. ತಮಗೆ ಓದಲು ಬಾರದ ಕಾಗದಗಳೇ ತಮ್ಮ ಶತ್ರುಗಳೆಂದು ಅವರು ತಿಳಿದರು. ಆ ತಿಳಿವಳಿಕೆ ಪೂರ್ತಿ ತಪ್ಪಾಗಿರಲಿಲ್ಲ. ಸರ್ಕಾರ ವಿಚಾರಣೆ ನಡೆಸಿ, ೧೮೭೯ರಲ್ಲಿ ದಖ್ಖನಿನ ಕೃಷಿಕರ ಪರಿಹಾರ ಕಾಯದೆಯನ್ನು ಮಾಡಿತು. ಅದು ಮೊದಲು ಅನ್ವಯವಾದದ್ದು ಪುಣೆ, ಸಾತಾರ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ. ಅದರಲ್ಲಿ ಎರಡು ಕುತೂಹಲಕರ ನಿಯಮಗಳಿದ್ದವು. ಕೃಷಿಕನು ಬರೆದುಕೊಡುವ ಪತ್ರಗಳು ಹಳ್ಳಿಯ ರಿಜಿಸ್ಟ್ರಾರನ ಸಮಕ್ಷಮದಲ್ಲೇ ಆಗಬೇಕೆಂಬುದು ಒಂದು. ಸಂಧಾನಕಾರರ ಮುಂದೆಯೂ, ಸಣ್ಣ ಮೊತ್ತದ ದಾವೆಗಳಲ್ಲಿಯೂ ವಕೀಲರು ಹಾಜರಾಗಕೂಡದೆಂಬುದು ಇನ್ನೊಂದು. ಮೊದಲನೆಯ ನಿಯಮದಲ್ಲಿ ಸರ್ಕಾರ ಒಂದು ದೊಡ್ಡ ಸತ್ಯವನ್ನು ಒಪ್ಪಿಕೊಂಡಿತು: ಅನ್ಯಾಯ ನಡೆಯುವುದು ವಿಚಾರಣೆಯ ದಿನವಲ್ಲ, ಪತ್ರ ಬರೆಯುವ ದಿನ. ಎರಡನೆಯದರಲ್ಲಿ ವಕೀಲನನ್ನು ಸಾಹುಕಾರನ ಆಯುಧವೆಂದು ಭಾವಿಸಿ ದೂರವಿಟ್ಟಿತು. ಈ ಎರಡನೆಯ ಪ್ರಶ್ನೆ ನೂರು ವರ್ಷಗಳ ಮೇಲೆ ಕರ್ನಾಟಕದಲ್ಲಿ ಮತ್ತೆ ತಲೆಯೆತ್ತಿತು. ಅದನ್ನು ಮುಂದೆ ಹೇಳುತ್ತೇನೆ.

ವಕೀಲರ ಮೇಲಿನ ಈ ಸಂಶಯಕ್ಕೆ ಆಧಾರವಿಲ್ಲದಿರಲಿಲ್ಲ. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ನಮ್ಮ ಜನ ಸುಮ್ಮನೆ ಕಟ್ಟಲಿಲ್ಲ. ಒಂದು ಬದುವಿನ ಮಣ್ಣಿಗಾಗಿ ಎರಡು ತಲೆಮಾರು ವಾಯಿದೆಗೆ ಅಲೆದು, ಕೊನೆಗೆ ಬದುವಿನ ಎರಡೂ ಕಡೆಯ ಹೊಲ ಮೂರನೆಯವನ ಪಾಲಾದ ಕತೆ ಯಾವ ತಾಲ್ಲೂಕಿನಲ್ಲಿಲ್ಲ? ಬಸ್ಸಿನಿಂದ ಇಳಿದ ಹಳ್ಳಿಯವನನ್ನು ಕೈಹಿಡಿದು ಕರೆದೊಯ್ಯುವ ದಲ್ಲಾಳಿಗಳು ಕೋರ್ಟಿನ ಸುತ್ತ ಬೆಳೆದರು. ಅವರ ಹಾವಳಿ ಎಷ್ಟಾಯಿತೆಂದರೆ, ಅಂಥವರ ಹೆಸರುಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕಾಯದೆಯೇ ಕೊಡಬೇಕಾಯಿತು. ಸ್ವತಃ ಬ್ಯಾರಿಸ್ಟರರಾಗಿದ್ದ ಗಾಂಧೀಜಿ ೧೯೦೯ರ ‘ಹಿಂದ್ ಸ್ವರಾಜ್’ನಲ್ಲಿ ವಕೀಲಿ ವೃತ್ತಿಯನ್ನು ಕಟುವಾಗಿ ಖಂಡಿಸಿದರು. ಆದರೆ ದಕ್ಷಿಣ ಆಫ್ರಿಕಕ್ಕೆ ಅವರನ್ನು ಕರೆದೊಯ್ದ ಮೊದಲ ಮೊಕದ್ದಮೆಯಲ್ಲಿ ಅವರೇ ಮಾಡಿದ್ದೇನು? ದಾದಾ ಅಬ್ದುಲ್ಲಾ ಮತ್ತು ತೈಯಬ್ ಸೇಠರ ನಡುವಣ ವ್ಯಾಜ್ಯವನ್ನು ಪಂಚಾಯತಿ ತೀರ್ಮಾನಕ್ಕೆ ಒಪ್ಪಿಸಿ, ಸೋತವನು ಹಣವನ್ನು ಕಂತುಗಳಲ್ಲಿ ಕಟ್ಟುವಂತೆ ಗೆದ್ದವನನ್ನು ಒಪ್ಪಿಸಿದರು. ಒಬ್ಬನೇ ವ್ಯಕ್ತಿಯಲ್ಲಿ ಖಂಡನೆಯೂ ಆದರ್ಶವೂ ಇದ್ದವು.

ಅಂಥ ಆದರ್ಶಕ್ಕೆ ಹತ್ತಿರವಾಗಿ ಬಾಳಿದವರು ನಮ್ಮ ಸಣ್ಣ ಊರುಗಳಲ್ಲೂ ಇದ್ದರು. ಮಂಗಳೂರಿನ ಕುದ್ಮುಲ್ ರಂಗರಾಯರನ್ನು (೧೮೫೯–೧೯೨೮) ನೆನೆಯಬಹುದು. ಉಪಾಧ್ಯಾಯರಾಗಿದ್ದು ಆಮೇಲೆ ಪ್ಲೀಡರರಾದವರು ಅವರು. ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆ ತೆರೆದು, ೧೮೯೭ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕಾಗಿ ಒಂದು ಸಂಸ್ಥೆಯನ್ನು ಕಟ್ಟಿ, ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿದರು. ಅದೇ ಊರಿನ ವಕೀಲ ಕಾರ್ನಾಡ ಸದಾಶಿವರಾಯರು ತಮ್ಮ ಸಂಪತ್ತನ್ನೆಲ್ಲ ರಾಷ್ಟ್ರಕಾರ್ಯಕ್ಕೆ ಸುರಿದು ೧೯೩೭ರಲ್ಲಿ ತೀರಿಕೊಂಡರು. ಧಾರವಾಡದಲ್ಲಿ ಆಲೂರು ವೆಂಕಟರಾಯರು, ಬೆಳಗಾವಿಯಲ್ಲಿ ಗಂಗಾಧರರಾವ್ ದೇಶಪಾಂಡೆಯವರು, ಚಿತ್ರದುರ್ಗದಲ್ಲಿ ನಿಜಲಿಂಗಪ್ಪನವರು ಎಲ್ಲರೂ ವಕೀಲಿಯಿಂದಲೇ ಸಾರ್ವಜನಿಕ ಜೀವನಕ್ಕೆ ಬಂದವರು. ಇದು ಕೇವಲ ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ದಿನವೂ ಹತ್ತು ಜನರ ಕಷ್ಟದ ಕಾಗದಗಳನ್ನು ಓದುವವನಿಗೆ, ಆ ಕಷ್ಟದ ಬೇರು ಕಾಗದದ ಆಚೆಗೂ ಹರಡಿದೆಯೆಂಬುದು ಇತರರಿಗಿಂತ ಬೇಗ ತಿಳಿಯುತ್ತದೆ.

ಜಗಲಿಯ ಮೇಲೆ ಕಾಣದಿದ್ದವರ ಮಾತನ್ನೂ ಹೇಳಬೇಕು. ನಮ್ಮ ಊರಿನ ವಕೀಲರ ಜಗಲಿಗೆ ಹೆಂಗಸರು ಬರುತ್ತಿರಲಿಲ್ಲ. ವಿಧವೆಯೊಬ್ಬಳಿಗೆ ಮೈದುನಂದಿರು ಅನ್ನಬಟ್ಟೆಗೂ ಕೊಡದೆ ಕಾಡುತ್ತಿದ್ದರೆ, ಆಕೆ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಬಂದು ವಕೀಲರ ಮನೆಯವರೊಡನೆ ಹೇಳಿಕೊಳ್ಳುತ್ತಿದ್ದಳು. ಆ ತಾಯಿ ಅದನ್ನು ಗಂಡನಿಗೆ ಮುಟ್ಟಿಸಿ, ಉತ್ತರವನ್ನು ಮತ್ತೆ ಒಲೆಯ ಬಳಿಗೆ ತರುತ್ತಿದ್ದರು. ವಕೀಲರಿಗೂ ವಕೀಲರ ಬೇಕಾದ ಪರಿಸ್ಥಿತಿ! ಕಾರ್ನೇಲಿಯಾ ಸೊರಾಬ್ಜಿ ೧೮೯೨ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪರೀಕ್ಷೆಗೆ ಕುಳಿತು, ಆಮೇಲೆ ಗೋಷಾ ಸ್ತ್ರೀಯರ ಅಂತಃಪುರಗಳಿಗೆ ಹೋಗಿ ಅವರ ಆಸ್ತಿಪಾಸ್ತಿಯ ವಿಷಯದಲ್ಲಿ ಸಲಹೆ ಕೊಡುತ್ತಿದ್ದರೂ, ನ್ಯಾಯಾಲಯದಲ್ಲಿ ವಕೀಲಿ ನಡೆಸಲು ಅವರಿಗೆ ಪೂರ್ಣ ಹಕ್ಕಿರಲಿಲ್ಲ. ಕಲ್ಕತ್ತೆಯ ಹೈಕೋರ್ಟು ೧೯೧೬ರಲ್ಲಿ, ಪಾಟ್ನಾದ ಹೈಕೋರ್ಟು ೧೯೨೧ರಲ್ಲಿ ಮಹಿಳೆಯರ ಅರ್ಜಿಗಳನ್ನು ತಳ್ಳಿಹಾಕಿದವು. ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದೆಂಬ ಕಾಯದೆ ಬಂದದ್ದು ೧೯೨೩ರಲ್ಲಿ.

ಹೆಣ್ಣಿನ ಆಸ್ತಿಯ ಪ್ರಶ್ನೆ ಕನ್ನಡನಾಡಿಗೆ ಬಹಳ ಹತ್ತಿರದ್ದು. ದೇಶದ ಬಹುಭಾಗದ ಹಿಂದೂ ಕುಟುಂಬಗಳ ಪಾಲುಪಾರಿಕತ್ತನ್ನು ನಿರ್ಣಯಿಸಿದ ‘ಮಿತಾಕ್ಷರ’ ರಚಿತವಾದದ್ದು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ನಮ್ಮ ಬಸವಕಲ್ಯಾಣದಲ್ಲಿ. ವಿಜ್ಞಾನೇಶ್ವರನ ಆ ಗ್ರಂಥವನ್ನು ಆಧಾರವಾಗಿಟ್ಟುಕೊಂಡ ನ್ಯಾಯಾಲಯಗಳು ಒಡೆಯದ ಮನೆಯ ಆಸ್ತಿಯಲ್ಲಿ ಗಂಡುಮಗುವಿಗೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟವು. ಹೆಣ್ಣಿಗೆ ಆ ಹಕ್ಕು ಸಲ್ಲಲಿಲ್ಲ. ಇದನ್ನು ತಿದ್ದುವುದರಲ್ಲಿ ಮೈಸೂರು ಮುಂದಾಯಿತು. ಬ್ರಿಟಿಷ್ ಭಾರತದ ೧೯೩೭ರ ಕಾಯದೆಗಿಂತ ನಾಲ್ಕು ವರ್ಷ ಮೊದಲೇ, ೧೯೩೩ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯದೆಯನ್ನು ಮಾಡಿ, ಪಾಲಾಗುವಾಗ ತಾಯಿ, ವಿಧವೆ, ಅವಿವಾಹಿತ ಮಗಳು ಮೊದಲಾದವರಿಗೂ ಅಂಶವನ್ನು ಗೊತ್ತುಮಾಡಿತು. ೧೯೫೬ರ ಉತ್ತರಾಧಿಕಾರ ಕಾಯದೆಯ ಅನಂತರ, ಕರ್ನಾಟಕದ ತಿದ್ದುಪಡಿ ೧೯೯೪ರಲ್ಲಿ ಜಾರಿಗೆ ಬಂದು ಮಗಳನ್ನೂ ಮಗನಂತೆ ಹುಟ್ಟು ಹಕ್ಕುದಾರಳೆಂದು ಕರೆಯಿತು. ೨೦೦೫ರಲ್ಲಿ ಇಡೀ ದೇಶಕ್ಕೆ ಆ ನಿಯಮ ಬಂತು. ಆ ಹಕ್ಕಿಗೆ ತಂದೆ ೨೦೦೫ರಲ್ಲಿ ಜೀವಂತನಾಗಿರಬೇಕೆಂಬ ಹಂಗಿಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ಸ್ಪಷ್ಟಪಡಿಸಿತು.

ಈಗ ೧೯೭೪ಕ್ಕೆ ಬರೋಣ. ಆ ವರ್ಷದ ಮಾರ್ಚ್ ಒಂದರಿಂದ ಕರ್ನಾಟಕದ ತಿದ್ದುಪಡಿಯಾದ ಭೂಸುಧಾರಣಾ ಕಾಯದೆ ಜಾರಿಗೆ ಬಂದು, ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನು ಒಡೆತನಕ್ಕೆ ಅರ್ಜಿ ಹಾಕಿಕೊಳ್ಳುವ ಅವಕಾಶ ತೆರೆಯಿತು. ಅರ್ಜಿಯ ನಮೂನೆ ಏಳನೆಯದು. ‘ಫಾರಂ ನಂಬರ್ ಏಳು’ ಎಂಬ ಮಾತು ಮಲೆನಾಡಿನಲ್ಲೂ ಕರಾವಳಿಯಲ್ಲೂ ಮನೆಮಾತಾಯಿತು. ಅರ್ಜಿಗಳ ಗಡುವು ೧೯೭೯ರ ಜೂನ್ ೩೦ರ ತನಕ ಮುಂದುವರಿಯಿತು. ಅರ್ಜಿಗಳನ್ನು ತೀರ್ಮಾನಿಸಲು ತಾಲ್ಲೂಕಿಗೆ ಭೂನ್ಯಾಯ ಮಂಡಲಿಗಳಾದವು. ಆ ಮಂಡಲಿಗಳ ಮುಂದೆ ವಕೀಲರು ಹಾಜರಾಗಕೂಡದೆಂದು ಕಾಯದೆ ವಿಧಿಸಿತು. ೧೮೭೯ರ ಆಲೋಚನೆಯೇ ಮತ್ತೆ ಬಂದಿತ್ತು: ಹಣವುಳ್ಳ ಭೂಮಾಲಿಕ ದೊಡ್ಡ ವಕೀಲನನ್ನು ತಂದರೆ ಬಡ ಗೇಣಿದಾರನ ಗತಿಯೇನು? ಉದ್ದೇಶವನ್ನು ಯಾರೂ ತಪ್ಪೆನ್ನಲಾರರು.

ಆದರೆ ಗೇಣಿದಾರನ ಬಳಿ ಏನಿತ್ತು? ಬಹಳ ಕಡೆ ಗೇಣಿ ಬಾಯಿಮಾತಿನದು, ರಸೀತಿ ಇಲ್ಲ, ಪಹಣಿಯಲ್ಲಿ ಅವನ ಹೆಸರಿಲ್ಲ, ಇದ್ದರೂ ಆಕಾರ ತಪ್ಪಿದೆ. ಸರ್ವೆ ನಂಬರು ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ‘ಹುಣಸೆಮರದ ಕೆಳಗಿನ ಗದ್ದೆ’. ನಮ್ಮ ಊರಿನ ವಕೀಲರು ಆ ದಿನಗಳಲ್ಲಿ ಮಂಡಲಿಯ ಬಾಗಿಲನ್ನು ದಾಟುವಂತಿರಲಿಲ್ಲ. ಆದ್ದರಿಂದ ಜಗಲಿಯನ್ನೇ ಮಂಡಲಿಯಾಗಿ ಮಾಡಿಕೊಂಡರು. ಗುಮಾಸ್ತರು ಅರ್ಜಿ ತುಂಬಿದ ಮೇಲೆ ಗೇಣಿದಾರನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಿದ್ದರು: ಪಕ್ಕದ ಗದ್ದೆ ಯಾರದು? ಬೀಜ ಯಾರು ಹಾಕಿದರು? ಭತ್ತವನ್ನು ಯಾರ ಕಣಜಕ್ಕೆ ಅಳೆದೆ? ಅಳೆಯುವಾಗ ನೋಡಿದವರು ಯಾರು? ಹೇಳಿಕೊಟ್ಟ ಸುಳ್ಳನ್ನು ಅವರು ಒಪ್ಪುತ್ತಿರಲಿಲ್ಲ. ಗೊತ್ತಿರುವ ನಿಜವನ್ನು ಕ್ರಮವಾಗಿ ಹೇಳುವುದನ್ನು ಮಾತ್ರ ಕಲಿಸುತ್ತಿದ್ದರು. ನಮ್ಮ ತಂದೆ ಆ ಜಗಲಿಯ ಮೇಲೆ ನಾಲ್ಕು ಸಲ ತಪ್ಪಿ, ಐದನೆಯ ಸಲ ಸರಿಯಾಗಿ ಹೇಳಿದ್ದನ್ನು ನಾನು ಕಂಬಕ್ಕೆ ಆತು ನಿಂತು ಕೇಳಿದ್ದೇನೆ. ಮಂಡಲಿಯ ಮುಂದೆ ಅವರ ಸ್ವರ ನಡುಗಿತಂತೆ, ಮಾತು ತಪ್ಪಲಿಲ್ಲ.

ಮಂಡಲಿಯ ತೀರ್ಮಾನಕ್ಕೆ ಆಗ ಮೇಲ್ಮನವಿ ಇರಲಿಲ್ಲ. ಉಳಿದಿದ್ದ ದಾರಿ ಹೈಕೋರ್ಟಿಗೆ ರಿಟ್ ಅರ್ಜಿ. ಅಲ್ಲಿ ವಕೀಲರು ಬೇಕೇ ಬೇಕು, ಬೆಂಗಳೂರಿಗೆ ಹೋಗುವ ಶಕ್ತಿಯೂ ಬೇಕು. ಕೆಳಗಿನ ಬಾಗಿಲಿನಲ್ಲಿ ತಡೆದ ಅಸಮಾನತೆ ಮೇಲಿನ ಬಾಗಿಲಿನಿಂದ ಒಳಗೆ ಬಂತು. ವಕೀಲರನ್ನು ಹೊರಗಿಟ್ಟ ಆ ನಿಯಮ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟು ೧೯೮೭ರಲ್ಲಿ ತೀರ್ಪುಕೊಟ್ಟಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಅರ್ಜಿಗಳು ಇತ್ಯರ್ಥವಾಗಿದ್ದವು. ಆ ಕಾಯದೆ ಕರ್ನಾಟಕದ ಅಸಂಖ್ಯಾತ ಕುಟುಂಬಗಳನ್ನು, ನಮ್ಮ ಕುಟುಂಬವನ್ನೂ, ಒಡೆತನಕ್ಕೆ ತಂದಿತು. ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಬಡವನನ್ನು ಕಾಪಾಡಲು ಎಲ್ಲರ ವಕೀಲರನ್ನೂ ದೂರವಿಡುವುದು ಒಂದು ದಾರಿ. ಬಡವನಿಗೂ ಒಬ್ಬ ವಕೀಲನನ್ನು ಕೊಡುವುದು ಇನ್ನೊಂದು ದಾರಿ. ನಮ್ಮ ದೇಶ ಎರಡನೆಯ ದಾರಿಯ ಕಡೆಗೆ ಬಹಳ ನಿಧಾನವಾಗಿ ಸಾಗಿತೆಂಬುದನ್ನು ಮಾತ್ರ ಹೇಳಬೇಕಾಗಿದೆ.

ಎಷ್ಟು ನಿಧಾನವೆಂಬುದಕ್ಕೆ ಒಂದೇ ನಿದರ್ಶನ ಸಾಕು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂವತ್ತಮೂರನೆಯ ಆದೇಶದ ಪ್ರಕಾರ, ಕೋರ್ಟು ಶುಲ್ಕ ಕಟ್ಟಲಾರದವನು ಶುಲ್ಕವಿಲ್ಲದೆ ದಾವೆ ಹೂಡಬಹುದಾಗಿತ್ತು. ಶುಲ್ಕದ ಮಾತು ಬಾರದ ಕಡೆ, ಉಟ್ಟ ಬಟ್ಟೆಯನ್ನೂ ದಾವೆಯ ಸ್ವತ್ತನ್ನೂ ಬಿಟ್ಟು ನೂರು ರೂಪಾಯಿಯ ಆಸ್ತಿಯೂ ಇಲ್ಲದವನು ಬಡವನೆಂದು ಲೆಕ್ಕ. ಶುಲ್ಕವೇನೋ ಉಳಿಯಿತು, ಅವನ ಪರವಾಗಿ ಬರೆಯುವವರು ಯಾರು, ವಾದಿಸುವವರು ಯಾರು? ಅದಕ್ಕೆ ಸಂಹಿತೆ ಉತ್ತರ ಹೇಳಲಿಲ್ಲ. ನಿರ್ಗತಿಕ ವಾದಿಗೆ ಕೋರ್ಟೇ ವಕೀಲನನ್ನು ನೇಮಿಸಬಹುದೆಂಬ ನಿಯಮ ಸೇರಿದ್ದು ೧೯೭೬ರ ತಿದ್ದುಪಡಿಯಲ್ಲಿ, ಅರುವತ್ತೆಂಟು ವರ್ಷಗಳ ಮೇಲೆ. ನೂರು ರೂಪಾಯಿ ಸಾವಿರವಾದದ್ದೂ ಆಗಲೇ. ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರ ಉಚಿತ ನೆರವನ್ನು ಒದಗಿಸಬೇಕು 	ಎಂಬ ೩೯ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ೧೯೭೬ರ ನಲವತ್ತೆರಡನೆಯ ತಿದ್ದುಪಡಿಯಿಂದ. ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆಯುತ್ತಿದ್ದ ಬಿಹಾರದ ಬಂದಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೭೯ರಲ್ಲಿ ಉಚಿತ ಕಾನೂನು ನೆರವನ್ನು ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಕಾನೂನು ಸೇವೆಗಳ ಪ್ರಾಧಿಕಾರ ಕಾಯದೆ ೧೯೮೭ರಲ್ಲಿ ಅಂಗೀಕೃತವಾದರೂ ಜಾರಿಗೆ ಬಂದದ್ದು ೧೯೯೫ರ ನವೆಂಬರ್ ೯ರಂದು. ಅದರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಸೆರೆಯಲ್ಲಿರುವವರು ಮೊದಲಾದವರು ವರಮಾನದ ಲೆಕ್ಕವಿಲ್ಲದೆ ಉಚಿತ ನೆರವಿಗೆ ಅರ್ಹರು. ತಾಲ್ಲೂಕು ಮಟ್ಟದಲ್ಲೂ ಅದಕ್ಕೆ ಸಮಿತಿಗಳಿವೆ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲಿಲ್ಲ.

ಇಷ್ಟೆಲ್ಲ ಆದಮೇಲೆ ಜಗಲಿಯ ಕಾಲ ಮುಗಿಯಿತೆನ್ನೋಣವೆ? ನಮ್ಮ ಊರಿನ ಆ ಮನೆ ಈಗಿಲ್ಲ. ೧೯೬೧ರ ಅಡ್ವೊಕೇಟರ ಕಾಯದೆ ಪ್ಲೀಡರು, ವಕೀಲರೆಂಬ ಹಳೆಯ ದರ್ಜೆಗಳನ್ನು ಅಳಿಸಿ ಎಲ್ಲರನ್ನೂ ಒಂದೇ ವರ್ಗಕ್ಕೆ ತಂದಿತು. ಪಹಣಿ ‘ಭೂಮಿ’ ಯೋಜನೆಯಿಂದ ಗಣಕಯಂತ್ರಕ್ಕೆ ಏರಿ ಎರಡು ದಶಕಗಳು ಕಳೆದವು. ಹೆಬ್ಬೆಟ್ಟಿನ ಜಾಗದಲ್ಲಿ ಬಹುಮಂದಿ ಸಹಿ ಮಾಡುತ್ತಾರೆ. ಆದರೂ ಓದುಬರಹ ಬಲ್ಲವನಿಗೂ ಕಾನೂನಿನ ಕಾಗದ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಸಾಲಕ್ಕೆ ಜಾಮೀನು ಹಾಕುವವನು, ಬಾಡಿಗೆಯ ಕರಾರಿಗೆ ಸಹಿ ಹಾಕುವವನು ಎಷ್ಟು ಪುಟ ಓದಿರುತ್ತಾನೆ? ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಎಡೆ ದೊರೆತಿದೆ. ಹೈಕೋರ್ಟಿನ ವ್ಯವಹಾರ ಇಂದಿಗೂ ಇಂಗ್ಲಿಷಿನಲ್ಲೇ ನಡೆಯುತ್ತಿದೆ.

ಕೆಲವು ಕಾಲದ ಕೆಳಗೆ ಒಂದು ತಾಲ್ಲೂಕು ಊರಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಮಹಡಿಯ ಮೇಲಿನ ಚಿಕ್ಕ ಕಚೇರಿಯೊಂದರಲ್ಲಿ ಕುಳಿತಿದ್ದೆ. ಕಚೇರಿ ಒಬ್ಬ ತರುಣಿ ವಕೀಲರದು. ನಡುವಯಸ್ಸಿನ ಹೆಂಗಸೊಬ್ಬರು ತಮ್ಮಂದಿರೊಡನೆ ಬಂದರು. ಮರುದಿನ ರಿಜಿಸ್ಟ್ರಿ ಆಗಬೇಕಾದ ಹಕ್ಕುಬಿಡುಗಡೆ ಪತ್ರ ಅವರ ಕೈಯಲ್ಲಿತ್ತು. ತಂದೆಯ ಆಸ್ತಿಯಲ್ಲಿ ತನ್ನ ಅಂಶವನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರ. ಸಹಿಗೆ ಎಲ್ಲವೂ ಸಿದ್ಧವಾಗಿತ್ತು. ಅಕ್ಷರಗಳನ್ನೊಮ್ಮೆ ನೋಡಿಕೊಡಿ ಎಂದಷ್ಟೇ ಕೇಳಲು ಬಂದಿದ್ದರು. ವಕೀಲರು ಪತ್ರವನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ತಮ್ಮಂದಿರನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತಿರಲು ವಿನಯದಿಂದ ಹೇಳಿ, ಬಾಗಿಲನ್ನು ಮುಂದೆ ಮಾಡಿದರು. ನಾನೂ ಎದ್ದು ಹೊರಗೆ ಬಂದೆ. ಬಾಗಿಲಿನ ಸಂದಿಯಿಂದ ಸ್ವರ ಕೇಳುತ್ತಿತ್ತು: “ಅಮ್ಮ, ಇದರಲ್ಲಿ ಏನು ಬರೆದಿದೆ ಅಂತ ನಾನು ಈಗ ನಿಧಾನವಾಗಿ ಓದುತ್ತೇನೆ. ಸಹಿ ಮಾಡೋದು, ಬಿಡೋದು ಆಮೇಲೆ ನಿಮಗೆ ಸೇರಿದ್ದು. ಮೊದಲು ಕೇಳಿ.”

ಆಕೆ ಸಹಿ ಮಾಡಿದರೋ ಇಲ್ಲವೋ ನನಗೆ ತಿಳಿಯದು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಮೆಟ್ಟಲು ಇಳಿಯುವಾಗಲೂ ಆ ಓದು ಕಿವಿಗೆ ಬೀಳುತ್ತಲೇ ಇತ್ತು.